ಉಸಿರಿಗೆ ಜಾಗವಿಲ್ಲದ ಸಾಲು

ಮಾರ್ಚ್ ೯, ಸೋಮವಾರ.

ಇಂದು ಉಪವಾಸ. ಬೆಳಿಗ್ಗೆ ನೆಲ ಒರೆಸಿ, ಬಟ್ಟೆ ಒಗೆದು, ದೇವರ ಮುಂದೆ ದೀಪ ಹಚ್ಚುವಷ್ಟರಲ್ಲಿ ಆ ಗಾಯಕಿಯ ಪತ್ರ ಬಂತು. ನಾನು ಬರೆದುಕೊಟ್ಟ ಹಾಡಿನ ಎರಡನೇ ಸಾಲಿನಲ್ಲಿ ಉಸಿರು ತೆಗೆದುಕೊಳ್ಳಲು ಜಾಗವಿಲ್ಲವಂತೆ. 'ತಂಗಿ, ಎರಡು ಪದ ಕಡಿಮೆ ಮಾಡಮ್ಮ, ನನಗೂ ವಯಸ್ಸಾಯ್ತು' ಎಂದು ಬರೆದಿದ್ದಾಳೆ.

ಈಗ ತಂಗಿಯಾದೆ! ಇಪ್ಪತ್ತೈದು ವರ್ಷದ ಹಿಂದೆ, ನನ್ನ ಮೊದಲ ಹಾಡಿನ ದಿನ, ಸ್ಟುಡಿಯೋದಲ್ಲಿ ಎಲ್ಲರೆದುರು ನನ್ನ ಹಾಳೆಯನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, 'ಇದನ್ನ ಬರೆದಿದ್ದು ಯಾರು, ಕಸ ಗುಡಿಸೋಳಾ?' ಎಂದಿದ್ದಳು. ವಾದ್ಯದವರೆಲ್ಲ ನಕ್ಕರು. ಆಮೇಲೆ ನಾಲ್ಕು ವರ್ಷ ಯಾರೂ ನನ್ನನ್ನು ಕರೆಯಲಿಲ್ಲ. ಮುಂದೆ ಮುನ್ನೂರು ಹಾಡು ಬರೆದೆ, ಊರೆಲ್ಲ ಹಾಡಿತು, ಅವಳಿಗೆ ಮಾತ್ರ ಒಂದೂ ಕೊಡಲಿಲ್ಲ. ಈ ಸಲ ಹಾಡುವವಳು ಅವಳೇ ಎಂದು ಗೊತ್ತಿದ್ದೇ ಒಪ್ಪಿಕೊಂಡೆ. ಗೊತ್ತಿದ್ದೇ ಆ ಸಾಲನ್ನು ಅಷ್ಟುದ್ದ ಹೆಣೆದೆ.

ಪತ್ರ ಓದಿದ ಸೊಸೆ, 'ಅತ್ತೆ, ಉಪವಾಸ ಇದ್ಕೊಂಡು ಹಗೆ ಸಾಧಿಸ್ತೀರಾ?' ಎಂದಳು.

'ಉಪವಾಸ ಹೊಟ್ಟೆಗೆ ಕಣೇ, ನೆನಪಿಗಲ್ಲ' ಎಂದೆ.

ದೇವರೇ, ನಿನ್ನ ಮುಂದೆ ಸುಳ್ಳಾಡಲಾರೆ. ಅವಳು ಮೈಕಿನ ಮುಂದೆ ಏದುಸಿರು ಬಿಡುವುದನ್ನು ನೆನೆದರೆ ನನಗೆ ಹಿತವಾಗುತ್ತದೆ. ಉತ್ತರ ಬರೆದು ಲಕೋಟೆ ಅಂಟಿಸಿಯೂ ಆಯಿತು: 'ಒಂದಕ್ಷರವೂ ಬದಲಾಗುವುದಿಲ್ಲ. ಆಗದಿದ್ದರೆ ಬೇರೆಯವರು ಹಾಡಲಿ.'

ಆದರೆ ಅವಳ ಅಕ್ಷರ ಎಷ್ಟೊಂದು ನಡುಗಿದೆ! ಮತ್ತೆ ಮತ್ತೆ ನೋಡುತ್ತಿದ್ದೇನೆ. ಯಾರಾದರೂ ಬೇಗ ಬಂದು ಈ ಉತ್ತರ ತೆಗೆದುಕೊಂಡು ಹೋಗಲಿ, ನನ್ನ ಮನಸ್ಸು ಕರಗುವ ಮುಂಚೆ.