ಎರಡು ಗೇಣು ತಾವರೆ ಬಟ್ಟೆ

ನೀರಗುಂದಿ ಕೆರೆ, ಫೆಬ್ರವರಿ ಮೂವತ್ತು, 2291

ಇದೇ ಕೆರೆಯ ದಡದಲ್ಲಿ ಈಗ ಬದುಕಿರುವ ಹಿರಿಯರಿಗೆ, ನೂಲ್ಮನೆಯ ಸಾಕಮ್ಮ ಮಾಡುವ ನಮಸ್ಕಾರ.

ನಿಮ್ಮ ಫೆಬ್ರವರಿಗೆ ಮೂವತ್ತನೆಯ ತಾರೀಕಿಲ್ಲವೆಂದು ಬಲ್ಲೆ. ನಾವು ತಿಂಗಳುಗಳಿಗೆ ದಿನಗಳನ್ನು ಸಮನಾಗಿ ಹಂಚಿಬಿಟ್ಟಿದ್ದೇವೆ. ಅದೊಂದಕ್ಕೇ ಯಾಕೆ ಅನ್ಯಾಯ? ನನ್ನ ಮಾತು ವಿಚಿತ್ರವೆನಿಸಿದರೆ ಕ್ಷಮಿಸಿ. ನಿಮ್ಮ ಕಾಲದ ಪುಸ್ತಕಗಳನ್ನು ಓದಿ ಕಲಿತ ಕನ್ನಡ, ಅಲ್ಲಲ್ಲಿ ಎಡವೀತು.

ನೂಲ್ಮನೆಯೆಂದರೆ ತಾವರೆಯ ದಂಟಿನಿಂದ ನೂಲು ತೆಗೆಯುವ ಮನೆ. ನೀವು ಉಟ್ಟು ಬಿಸಾಡಿದ ಪಾಲಿಯೆಸ್ಟರ್ ಚೂರುಗಳು ನಮ್ಮ ಹೊಲ ಉಳುವಾಗ ಇನ್ನೂ ಸಿಗುತ್ತವೆ. ಹತ್ತಿಗೆ ಹಾಯಿಸುವಷ್ಟು ನೀರು ನಮ್ಮಲ್ಲಿಲ್ಲ. ತಾವರೆ ಗೊಬ್ಬರ ಕೇಳದು, ಔಷಧಿ ಕೇಳದು. ಬೆಳಗ್ಗೆ ತೆಪ್ಪದಲ್ಲಿ ಹೋಗಿ ಎಲೆಯ ದಂಟು ಕುಯ್ದು ತರುತ್ತೇವೆ. ನಾಲ್ಕೈದು ದಂಟು ಒಟ್ಟಿಗೆ ಹಿಡಿದು, ಸುತ್ತ ಚಾಕುವಿನಿಂದ ಗೀರಿ, ಪಟಕ್ಕನೆ ಮುರಿದು ಎಳೆದರೆ ಜೇಡರ ಬಲೆಯಂಥ ಎಳೆಗಳು ಬರುತ್ತವೆ. ಅವನ್ನು ಒದ್ದೆ ಹಲಗೆಯ ಮೇಲೆ ಅಂಗೈಯಿಂದ ಹೊಸೆದರೆ ನೂಲು. ದಂಟು ಒಣಗಿದರೆ ಎಳೆ ಬಾರದು, ಆದ್ದರಿಂದ ಕುಯ್ದದ್ದನ್ನು ಮರುದಿನದೊಳಗೆ ಮುಗಿಸಲೇಬೇಕು. ಆ ಅವಧಿಗೆ ನಾವು ಹಸಿಗಾಲ ಎನ್ನುತ್ತೇವೆ. ಜಗಳವಾಡುವವರೂ ಹಸಿಗಾಲ ಮುಗಿಯಲೆಂದು ಕಾಯುತ್ತಾರೆ, ಅಷ್ಟರಲ್ಲಿ ಅರ್ಧ ಸಿಟ್ಟು ಇಳಿದಿರುತ್ತದೆ.

ನೂಲುವವಳು ವರ್ಷಕ್ಕೆ ಎರಡು ಬೆರಳಿನಷ್ಟು ಬಟ್ಟೆಯನ್ನು ತನಗೆಂದು ನೇಯ್ದಿಡುತ್ತಾಳೆ. ಅದು ಅವಳ ಕಡೆಹೊದಿಕೆ, ಮಣ್ಣು ಮಾಡುವಾಗ ಹಣೆಯಿಂದ ಪಾದದವರೆಗೆ ಹೊದಿಸುವ ಬಟ್ಟೆ. ನನ್ನ ಅವ್ವ ಹೊನ್ನಾಜಮ್ಮ ತನ್ನ ಪಾಲಿನ ನೂಲನ್ನು ಊರಿನ ಬಾಣಂತಿಯರಿಗೆ ಕೊಟ್ಟುಬಿಡುತ್ತಿದ್ದಳು. ಹೋದ ಮಳೆಗಾಲದಲ್ಲಿ ಅವಳು ಹಾಸಿಗೆ ಹಿಡಿದಾಗ ಹೊದಿಕೆ ಎರಡೂವರೆ ಗೇಣು ಕಡಿಮೆಯಿತ್ತು.

ದಂಟನ್ನು ಯಾವಾಗಲೂ ನೀರಿನಿಂದ ಒಂದು ಹಿಡಿ ಮೇಲಕ್ಕೇ ಕುಯ್ಯಬೇಕೆಂಬುದು ಅವ್ವ ಕಲಿಸಿದ ಮೊದಲ ಪಾಠ. ನೀರೊಳಗೆ ಕುಯ್ದರೆ ಟೊಳ್ಳು ದಂಟಿನಲ್ಲಿ ನೀರಿಳಿದು, ಕೆಸರಿನಲ್ಲಿರುವ ಗೆಡ್ಡೆ ಉಸಿರುಕಟ್ಟಿ ಕೊಳೆಯುತ್ತದೆ. ನನಗೆ ಗೊತ್ತಿತ್ತು. ಆದರೆ ಉದ್ದ ಎಳೆ ನೀರೊಳಗಿನ ದಂಟಿನಲ್ಲೇ ಇರುವುದು, ಅವ್ವನಿಗೆ ದಿನ ಉಳಿದಿರಲಿಲ್ಲ. ತೋಳು ಮುಳುಗಿಸಿ ಬುಡಕ್ಕೇ ಕುಯ್ದೆ. ನನ್ನನ್ನು ನೋಡಿ ಉಳಿದ ಹೆಂಗಸರೂ ಬಗ್ಗಿದರು.

ಅವ್ವ ಮಲಗಿದ್ದಲ್ಲೇ ನೂಲು ಸವರಿ, "ಇಷ್ಟುದ್ದದ ಎಳೆ ಎಲ್ಲಿ ಸಿಕ್ತೇ?" ಎಂದು ಕೇಳಿದಳು. "ಮೇಲೇ ಕುಯ್ದೆ ಕಣವ್ವ, ಈ ಸಲ ದಂಟೇ ಉದ್ದ ಬಂದವೆ" ಎಂದೆ. ಅವಳು ನಂಬಿದಳು.

ಅರ್ಧ ಗೇಣು ನೇಯುವಷ್ಟರಲ್ಲಿ ಎಲೆಗಳು ಕಪ್ಪಾಗಿ ಮಗುಚಿಕೊಂಡವು. ಕೆರೆಯೆಲ್ಲ ನಾರತೊಡಗಿತು, ಅವ್ವನಿಗೆ ವಾಸನೆ ಬಾರದಿರಲೆಂದು ಕಿಟಕಿ ಮುಚ್ಚಿದೆ. "ನನ್ ಕಾಲು ಹೊರಗಿದ್ರೂ ಇರ್ಲಿ ಬಿಡು. ಕೆರೆ ಚೆನ್ನಾಗಿ ನೋಡ್ಕೊ" ಎಂದು ಹೇಳಿ ಅವಳು ಹೋದಳು. ಮಣ್ಣು ಮಾಡುವಾಗ ಅವಳ ಪಾದಗಳು ಹೊರಗೇ ಇದ್ದವು. ಅವುಗಳ ಮೇಲೆ ಮಣ್ಣು ಬೀಳುವುದನ್ನು ನಾನು ನೋಡಿದೆ.

ಸುತ್ತಲಿನ ಕೆರೆಗಳಲ್ಲಿ ತಾವರೆ ನಾನು ಹುಟ್ಟುವ ಮೊದಲೇ ಅಳಿದಿತ್ತು. ಈಗ ನಮ್ಮದೂ ಪೂರ್ತಿ ಕೊಳೆತುಹೋಯಿತು, ನಮ್ಮಲ್ಲಿ ಬೀಜವೂ ಇಲ್ಲ. ದಂಟು ಬಲಿಯಲೆಂದು ಮೊಗ್ಗುಗಳನ್ನೆಲ್ಲ ಚಿವುಟುತ್ತಿದ್ದೆವು, ಒಂದನ್ನೂ ಕಾಯಾಗಲು ಬಿಡಲಿಲ್ಲ. ಆದರೆ ತಾವರೆ ಬೀಜ ಕೆಸರಿನಡಿ ನೂರಾರು ವರ್ಷ ಜೀವ ಹಿಡಿದಿರುತ್ತದೆಯೆಂದು ನಿಮ್ಮದೇ ಪುಸ್ತಕದಲ್ಲಿ ಓದಿದೆ. ಅಂದಿನಿಂದ ಕೆರೆಯ ಉದ್ದಗಲ ಅಗೆದಿದ್ದೇನೆ. ಏನೂ ಸಿಗಲಿಲ್ಲ. ತೂಬಿನ ಬಲಗಡೆ ಚಪ್ಪಟೆ ಕಲ್ಲೊಂದಿದೆ, ನಿಮ್ಮ ಕಾಲದಲ್ಲೂ ಇದ್ದೀತು. ಅದರ ಬುಡವೊಂದನ್ನು ಬೇಕೆಂದೇ ಮುಟ್ಟದೆ ಬಿಟ್ಟಿದ್ದೇನೆ.

ದಯವಿಟ್ಟು ಅಲ್ಲಿ ಒಂದು ಹಿಡಿ ಬೀಜ ಹೂತಿಡಿ. ಆಳವಾಗಿ, ಮೊಣಕೈಯವರೆಗೆ. ನಿಮಗೆ ಇನ್ನೂರಕ್ಕೂ ಹೆಚ್ಚು ವರ್ಷಗಳ ಸಮಯವಿದೆ ಎಂದು ನಾಳೆಗೆ ತಳ್ಳಬೇಡಿ. ನಾಳೆ ಬೆಳಗ್ಗೆ ನಾನು ಆ ಕಲ್ಲು ಎತ್ತುತ್ತೇನೆ.

ಸಿಕ್ಕಿ ಮೊಳೆತರೆ, ಮೊದಲ ದಂಟನ್ನು ನೀರಿನಿಂದ ಒಂದು ಹಿಡಿ ಮೇಲಕ್ಕೇ ಕುಯ್ಯುತ್ತೇನೆ. ಅವ್ವನ ಪಾದಕ್ಕೆ ಇನ್ನೂ ಎರಡು ಗೇಣು ಬೇಕು.