ನನ್ನ ಕಾಯಿಲೆಗೆ ಗಡಿ ಪ್ರಮಾಣಪತ್ರ ಕೇಳಿದವರಿಗೆ

ಮಾನ್ಯ ವಿದ್ಯಾರ್ಥಿನಿಲಯಗಳ ಅಧಿಕಾರಿಗಳೇ,

ಮೊದಲಿಗೆ ಸಾರಿ. ಬಿ.ಎಸ್ಸಿ. ಮೊದಲ ವರ್ಷದ ಹುಡುಗಿಯೊಬ್ಬಳು ಊರೆಲ್ಲ ಓದುವಂತೆ ನಿಮಗೆ ಪತ್ರ ಬರೆಯುವುದು ಮರ್ಯಾದೆಯಲ್ಲ ಅಂತ ಗೊತ್ತು. ಐದನೇ ಕ್ಲಾಸಿನಿಂದ ಹಾಸ್ಟೆಲ್ಲಿನಲ್ಲೇ ಬೆಳೆದವಳು ನಾನು. ಬಾಗಿಲಲ್ಲಿ ನಿಂತು 'ಮೇ ಐ ಕಮಿನ್' ಅಂದು, ಒಳಗಿಂದ ಉತ್ತರ ಬರದಿದ್ದರೆ ಸುಮ್ಮನೆ ವಾಪಸ್ಸಾಗುವುದೇ ರೂಢಿ. ಆದರೆ ನಿಮ್ಮ ಕಚೇರಿ ಉತ್ತರ ಕೊಟ್ಟುಬಿಟ್ಟಿದೆ. ನನ್ನ ದೂರೇ ಅದು.

ನಾನು ಕೇಳಿದ್ದು ಚಿಕಿತ್ಸೆಗೆ ರಜೆ. ನೀವು ಕೇಳಿದ್ದು 'ಗಡಿಭಾಗದ ನಿವಾಸಿ' ಎಂಬ ಪ್ರಮಾಣಪತ್ರ. ಅದನ್ನು ತರದಿದ್ದರೆ ನಾನು ಆಸ್ಪತ್ರೆಗೆ ಹೋಗಿದ್ದ ದಿನಗಳೆಲ್ಲ ಅನಧಿಕೃತ ಗೈರು, ತಿಂಗಳ ಕೊನೆಗೆ ಸೀಟು ರದ್ದು. ಸೀಟು ಹೋದರೆ ತಳಕಲ್‌ನಿಂದ ಕೊಪ್ಪಳಕ್ಕೆ ದಿನಾ ಓಡಾಡಿ ಓದುವ ತ್ರಾಣ ನನಗಿಲ್ಲ, ಕಾಲೇಜೂ ಹೋದಂತೆಯೇ.

ತಪ್ಪಿನಲ್ಲಿ ನನ್ನ ಪಾಲೂ ಇದೆ. ಅರ್ಜಿ ಕನ್ನಡದಲ್ಲೇ ಇರಬೇಕು ಅಂದಿರಿ. 'ಬಾರ್ಡರ್‌ಲೈನ್ ಪರ್ಸನಾಲಿಟಿ ಡಿಸಾರ್ಡರ್' ಅನ್ನುವುದಕ್ಕೆ ನನ್ನ ಅರೆಬರೆ ಕಚೇರಿ ಕನ್ನಡದಲ್ಲಿ ಹೊಳೆದದ್ದು 'ಗಡಿರೇಖೆಯ ವ್ಯಕ್ತಿ, ತೊಂದರೆಯಲ್ಲಿದ್ದಾಳೆ' ಅಂತ. ನಿಮ್ಮ ಗುಮಾಸ್ತ ಕೊಟ್ರಪ್ಪನವರು ಓದಿ ಕನ್ನಡಕ ಏರಿಸಿದರು.

"ಗಡಿಯವರೇನವಾ ನೀವು? ಯಾವ ಕಡೀದು, ಆಂಧ್ರಾನೋ ಮಹಾರಾಷ್ಟ್ರಾನೋ?"

"ಯಲಬುರ್ಗಾ ಕಡೀದ್ರಿ, ತಳಕಲ್."

"ಅಲ್ಲೆಲ್ಲೈತಿ ಗಡಿ?"

"ತಲಿಯಾಗ ಐತ್ರಿ ಸರ್."

ಚೇಷ್ಟೆ ಮಾಡಿದೆ ಅಂದುಕೊಂಡರು. ನಾನು ನಿಜ ಹೇಳಿದ್ದೆ. ಡಾಕ್ಟರ ಚೀಟಿ ತೋರಿಸಿದರೆ, ಇದು ಇಂಗ್ಲಿಷಿನಲ್ಲಿದೆ ಅಂತ ಮರಳಿಸಿದರು. ಕಾಯಿಲೆಯೂ ರಾಜ್ಯದ ಗಡಿ ಮುಟ್ಟಿಯೇ ಬರಬೇಕು ಎಂಬ ಆದೇಶವಿದೆಯೇ, ಮಾನ್ಯರೇ? ಮಧ್ಯದ ಜಿಲ್ಲೆಯವರು ಬರೀ ನೆಗಡಿಯಲ್ಲಿ ತೃಪ್ತರಾಗಬೇಕೇ?

ಈ ಸಲ ಬಿಡಿಸಿ ಹೇಳುತ್ತೇನೆ. ಈ ಕಾಯಿಲೆ ಇರುವವರಿಗೆ ಭಾವನೆಯ ಬ್ರೇಕ್ ಹಿಡಿಯುವುದಿಲ್ಲ. ರೂಮ್‌ಮೇಟ್ ಖುಷ್ಬು ಒಂದು ದಿನ ನನಗೆ ಹೇಳದೆ ಗಂಗಾವತಿಯ ತನ್ನ ಮನೆಗೆ ಹೋದಳು. ಅಷ್ಟಕ್ಕೇ ಅವಳು ನನ್ನ ಬಿಟ್ಟೇಬಿಟ್ಟಳು ಅನ್ನಿಸಿ, ಅವಳ ಬಕೆಟ್ಟನ್ನು ಮಹಡಿಯಿಂದ ಎಸೆದೆ. ಮರುದಿನ ನನ್ನ ಪಾಲಿನ ಶೀರ್ ಕುರ್ಮಾ ಪಾಯಸದ ಡಬ್ಬಿ ಹಿಡಿದುಕೊಂಡೇ ಬಂದ ಖುಷ್ಬು, ಒಡೆದದ್ದನ್ನು ನೋಡಿ, "ಸಿಟ್ಟು ನನ್ನ ಮ್ಯಾಲೆ ಇತ್ತು, ಬಕೀಟ ಏನ್ ಮಾಡಿತ್ತವಾ ನಿಂಗ?" ಅಂದಳು.

ನಾನು ರಜೆ ಕೇಳಿದ ಚಿಕಿತ್ಸೆ ಇದು: ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ನಮ್ಮನ್ನು ಮಿದುಳಿನ ಸ್ಕ್ಯಾನರಿನೊಳಗೆ ಮಲಗಿಸಿ, ಮನಸ್ಸು ಕೆಡಿಸುವ ಚಿತ್ರ ತೋರಿಸುತ್ತಾರೆ. ಭಯ, ಸಿಟ್ಟು ಏಳುವ ಜಾಗ ಮಿದುಳಿನಲ್ಲಿ ಎಷ್ಟು ಉರಿಯುತ್ತಿದೆ ಅಂತ ಪರದೆಯ ಮೇಲೆ ಕೆಂಪು ಕಡ್ಡಿಯೊಂದು ಏರಿ ತೋರಿಸುತ್ತದೆ. ಅದನ್ನು ನಾವೇ ಇಳಿಸಬೇಕು. ಹೇಗೆ ಅಂತ ಯಾರೂ ಹೇಳುವುದಿಲ್ಲ. ಮೊದಮೊದಲು, ಕಡ್ಡಿ ಏರಿತಲ್ಲಾ ಎಂಬ ಟೆನ್ಷನ್ನಿಗೇ ಅದು ಇನ್ನಷ್ಟು ಏರಿತು. ಆಮೇಲೆ ಮಷೀನಿನ ಟಪಟಪ ಸದ್ದು ನಮ್ಮ ಮುದಕಮ್ಮಜ್ಜಿ ರೊಟ್ಟಿ ಬಡಿಯುವಂತೆ ಕೇಳತೊಡಗಿತು, ಕಡ್ಡಿ ಮೆಲ್ಲಗೆ ಇಳಿಯಿತು. ಏನು ನೆನೆಸಿಕೊಂಡೆ ಅಂತ ಡಾಕ್ಟರ್ ಕೇಳಿದರು. ಜೋಳದ ರೊಟ್ಟಿ ಅಂದೆ. ನಗದೆ ಬರೆದುಕೊಂಡರು. ಇದು ಇನ್ನೂ ಪರೀಕ್ಷೆಯಲ್ಲಿರುವ ಚಿಕಿತ್ಸೆ, ವಾಸಿಯಾಗುವ ಗ್ಯಾರಂಟಿ ಇಲ್ಲ, ಮಾತಿನ ಚಿಕಿತ್ಸೆ ಬಿಡಬಾರದು ಅಂತಲೂ ಅವರೇ ಹೇಳಿದ್ದಾರೆ. ಉಳಿದ ಸರದಿ ಮುಂದಿನ ತಿಂಗಳು. ತಪ್ಪಿಸಿದರೆ ನನ್ನನ್ನು ಕೈಬಿಡುತ್ತಾರೆ.

ಈಗ ರೂಮಿನಲ್ಲಿ ನಾನು ದನಿ ಏರಿಸಿದರೆ ಖುಷ್ಬು ಪುಸ್ತಕದಿಂದ ತಲೆ ಎತ್ತದೆ "ಕಡ್ಡಿ ಇಳಸು" ಅನ್ನುತ್ತಾಳೆ. ಪ್ರಮಾಣಪತ್ರ ಕೇಳಿದ ನಿಮ್ಮ ನೋಟಿಸ್ ಬಂದ ಸಂಜೆ ಅವಳ ಹೊಸ ಬಕೆಟ್ ನನ್ನ ಕೈಯಲ್ಲೇ ಇತ್ತು. "ನೋಡ್ವಾ, ಅದು ಹೊಸಾದು," ಅಂದಳು. ಕಣ್ಣು ಮುಚ್ಚಿ ರೊಟ್ಟಿಯ ಸದ್ದು ಕೇಳಿಸಿಕೊಂಡೆ. ಬಕೆಟ್ ಕೆಳಗಿಟ್ಟು ಪೆನ್ನು ಎತ್ತಿಕೊಂಡೆ. ಚಿಕಿತ್ಸೆಯಿಂದ ಏನಾದರೂ ಉಪಯೋಗವಿದೆಯೇ ಎಂದು ಕೇಳುವಿರಾದರೆ, ನಿಮ್ಮ ಕೈಯಲ್ಲಿರುವ ಈ ಪತ್ರವೇ ಅದರ ರಿಸಲ್ಟು.

ಹೋದ ದಿನಗಳನ್ನೂ ಹೋಗಬೇಕಾದ ದಿನಗಳನ್ನೂ ಕಾಯಿಲೆ ರಜೆ ಅಂತ ಬರೆಸಿ, ನನ್ನ ಸೀಟು ನನಗೇ ಇರಲಿ. ಪ್ಲೀಸ್, ಬೇಗ ಉತ್ತರ ಕೊಡಿ.

ಇಂತಿ,
ಯಾವ ರಾಜ್ಯದ ಗಡಿಯಲ್ಲೂ ಇಲ್ಲದ,
ಅಮೃತಾ, ತಳಕಲ್
(ಹೆಸರು ಹಾಕಬ್ಯಾಡ ಅಂತ ಅವ್ವ ಹೇಳಿದ್ದಳು)