ಬೇವಿನ ಬುಡದ ಮೇಣದ ಬಿಲ್ಲೆ

ಹುನಗುಂದ
೧೪ ನವೆಂಬರ್ ೨೦೨೪

ಪ್ರೀತಿಯ ತಂಗಿ ಲಲಿತಾಗೆ,

ಅಕ್ಕ ಸುರೇಖಾಳ ಆಶೀರ್ವಾದಗಳು. ಬರೆಯಲು ತಡವಾಯಿತು, ಸಿಟ್ಟಾಗಬೇಡ. ಫೋನ್ ಮಾಡೋಣವೆಂದರೆ ಅವ್ವ ಕಸಿದುಕೊಂಡು ಸ್ಪೀಕರಿಗೆ ಹಾಕುತ್ತಾಳೆ. ಅವಳ ಸುದ್ದಿಯನ್ನು ಅವಳ ಮುಂದೆಯೇ ಹೇಳುವುದು ಹೇಗೆ? ಸಾಲಿ ಮಕ್ಕಳ ಉತ್ತರಪತ್ರಿಕೆ ಬದಿಗಿಟ್ಟು ಬರೆಯುತ್ತಿದ್ದೇನೆ.

ಅವ್ವನ ಎದೆಯ ಗಂಟು ಕ್ಯಾನ್ಸರ್ ಎಂಬಲ್ಲಿಯವರೆಗೆ ನಿನಗೆ ಗೊತ್ತು. ಆಮೇಲೆ ಬಾಗಲಕೋಟೆಯ ಡಾಕ್ಟರು, ಗಂಟಿನಿಂದ ತೆಗೆದ ಚೂರನ್ನು ಹುದುಗಿಸಿದ ಮೇಣದ ಬಿಲ್ಲೆಯನ್ನು ನನ್ನ ಕೈಗಿತ್ತು, "ಇದನ್ನ ಹುಬ್ಬಳ್ಳಿ ಲ್ಯಾಬಿಗೆ ಮುಟ್ಟಸ್ರಿ. ಯಾವ ಔಷಧ ಹತ್ತತೈತಿ ಅಂತ ಇದರಾಗಿನ ಗುರುತ ಹೇಳಬೇಕು" ಅಂದರು. ಮರುದಿನ ಕಪಾಟು ತೆರೆದರೆ ಬಿಲ್ಲೆಯೇ ಇಲ್ಲ! ಅವ್ವ ತಣ್ಣಗೆ ಹೇಳಿದಳು: "ಹೊಲದಾಗ ಬೇವಿನ ಬುಡಕ ಹುಗುದು, ಬೀರಪ್ಪನ ಗುಡಿ ಭಂಡಾರದ ಅರಿಷಿಣ ಹಾಕಿ ಬಂದೇನಿ. ಮೈಯಾಗಿಂದು ಮಣ್ಣಿಗೆ ಹೋಗಬೇಕು."

ಇನ್ನೊಮ್ಮೆ ಚೂರು ತೆಗೆಸೋಣವೆಂದರೆ ಸುತರಾಂ ಒಲ್ಲಳು. ಗುದ್ದಲಿ ಹಿಡಿದು ಹೊಲಕ್ಕೆ ಹೋದರೆ ಹಿಂದೆಯೇ ಬಂದು ಆ ಜಾಗದ ಮೇಲೆ ಕೂತುಬಿಟ್ಟಳು. ಅವಳ ಹೊಟ್ಟೆಯಲ್ಲಿ ಹುಟ್ಟಿದವಳು ನಾನು, ಹಟದಲ್ಲಿ ಕಡಿಮೆಯೇ? ಎದುರಿಗೇ ಕೂತೆ. ನೀನು ಪುಣೆಯಲ್ಲಿ ಸಂಶೋಧನೆ ಮಾಡುತ್ತಿರುವ ಜೀವಕೋಶದ ಸಂಕೇತಗಳನ್ನು ಅವ್ವ ಮೇಯಿಸುವ ಕುರಿಗಳ ಮಾತಿಗೆ ಇಳಿಸಿದೆ.

"ಅವ್ವಾ, ಕುರಿ ನಿನ್ನ ದನಿ ಕೇಳಿ ಬರತಾವಲ್ಲ? ಹಂಗ ಮೈಯಾಗಿನ ಕಣಕ್ಕೂ 'ಬೆಳಿ' ಅಂತ ಕರೆ ಬರತೈತಿ. ಈ ಗಂಟಿನ ಕಣಕ್ಕ ಕಿವಿ ಹೆಚ್ಚಾಗಿದ್ರ ಬೆಳಿಯೂದು ನಿಲ್ಲಂಗಿಲ್ಲ. ಅದನ್ನ ನೋಡಬೇಕು."

"ಹೆಚ್ಚಾಗಿದ್ರ?"

"ಆ ಕಿವಿ ಮುಚ್ಚಾಕ ಇಂಜೆಕ್ಷನ್ ಐತಿ."

ಅವ್ವ ಬುಡದ ಮಣ್ಣನ್ನು ಅಂಗೈಯಿಂದ ಸವರಿದಳು. "ನೋಡಿದ ಮ್ಯಾಲೆ ಉಳದಿದ್ದು ವಾಪಸ್ ಕೊಡ್ತಾರೇನು?"

"ನಾ ತರ್ತೇನಿ."

ತಾನೇ ಮಣ್ಣು ಕೆದರಿ ತೆಗೆದುಕೊಟ್ಟಳು. ಪುಣ್ಯಕ್ಕೆ ಮೇಣ ಕೆಟ್ಟಿರಲಿಲ್ಲ. ನಿನ್ನೆ ಹುಬ್ಬಳ್ಳಿಯಿಂದ ವರದಿ ಬಂತು, ಹರ್-ಟೂ ಪಾಸಿಟಿವ್, ಗಂಟಿಗೆ ಕಿವಿ ಹೆಚ್ಚಾಗಿಯೇ ಇವೆ. ಅರ್ಥ ನಿನಗೆ ಬಿಡಿಸಿ ಹೇಳಬೇಕಿಲ್ಲ. ಅವ್ವನಿಗೆ ಹೇಳಿದೆ, "ಹಂಗಾರ ಮುಚ್ಚರಿ ಅದರ ಕಿವಿ, ತಡಾ ಯಾಕ?" ಅಂದಳು. ಸೋಮವಾರದಿಂದ ಚಿಕಿತ್ಸೆ ಶುರು. ಕೂದಲು ಉದುರಲಿ, ಊಟ ಸೇರದಿರಲಿ, ಅರ್ಧಕ್ಕೆ ಬಿಡಲು ನಾನಂತೂ ಬಿಡುವುದಿಲ್ಲ. ನೀನು ಗಾಬರಿಬಿದ್ದು ಕೆಲಸ ಬಿಟ್ಟು ಓಡಿಬರಬೇಡ. ಹೊತ್ತಿಗೆ ಸರಿಯಾಗಿ ಉಣ್ಣು. ಬೀರಪ್ಪ ನಿನ್ನ ಬೆನ್ನಿಗಿರಲಿ.

ನಿನ್ನ ಅಕ್ಕ,
ಸುರೇಖಾ

ತಾ.ಕ.: ಒಂದು ಮಾತನ್ನು ಮೇಲೆ ಬರೆಯಲು ಕೈ ಬರಲಿಲ್ಲ. ನಮ್ಮಿಬ್ಬರ ನಡುವೆ ಒಂದು ಹೆಣ್ಣುಕೂಸು ಹುಟ್ಟಿತ್ತಂತೆ. ನನಗೂ ಗೊತ್ತಿರಲಿಲ್ಲ. ಅದನ್ನು ಮಣ್ಣು ಮಾಡಿದ್ದು ಆ ಬೇವಿನ ಬುಡದಲ್ಲಿ. ಬಿಲ್ಲೆಯನ್ನು ನನ್ನ ಕೈಗೆ ಕೊಡುವಾಗ ಅವ್ವ ಅಂದಳು: "ಹೆಸರಿಡೂಕಿಂತ ಮೊದಲ ಹೋತು. ಆಕಿ ಹಾಲು ಕುಡದ ಎದಿ ಇದು. ಆಕಿ ಬಾಜೂಕ ಇರಲಿ ಅಂತ ಇಟ್ಟಿದ್ದೆ."